ಎಳೆಗೂಸಿಗೆ ಅಗ್ನಿ ಸಂಸ್ಕಾರ ಯಾಕಿಲ್ಲ?

ಪ್ರಶ್ನೆ: ನಮ್ಮ ಏಳು ತಿಂಗಳ ಮಗಳು ತೀರಿಕೊಂಡಳು. ಹಿರಿಯರು ಹೇಳಿದಂತೆ ಹೊಲದ ಬದುವಿನ ಹತ್ತಿರ ಹೂಳಿದೆವು. ಈಗ ನೆಂಟರೊಬ್ಬರು, "ಹೂಳೋದು ನಾಗರಿಕತೆ ಇಲ್ಲದ ಕಾಲದ ಪದ್ಧತಿ, ಅಗ್ನಿ ಕಾಣದ ಜೀವಕ್ಕೆ ಗತಿಯಿಲ್ಲ, ಪರಿಹಾರ ಮಾಡಿಸಿ" ಅನ್ನುತ್ತಾರೆ. ಅಂದಿನಿಂದ ನನಗೆ ನಿದ್ದೆಯಿಲ್ಲ. ನಾವು ತಪ್ಪು ಮಾಡಿದೆವೇ?
– ಹೆಸರು ಬೇಡವೆಂದ ತಾಯಿ, ಗಂಗಾವತಿ ತಾಲ್ಲೂಕು

ಉತ್ತರ: ಇಲ್ಲ ತಾಯಿ, ನೀವು ಮಾಡಿದ್ದೇ ಸರಿ. ಎರಡು ವರ್ಷ ತುಂಬದ ಮಗುವನ್ನು ಹೂಳಬೇಕು, ಉದಕದಾನ ಬೇಕಿಲ್ಲ ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಮನುಸ್ಮೃತಿಯೂ ಹಾಗೇ ಹೇಳುತ್ತದೆ. ಮಗುವನ್ನು ಅಲಂಕರಿಸಿ, ಊರ ಹೊರಗೆ ಶುದ್ಧವಾದ ನೆಲದಲ್ಲಿ ಇಡಬೇಕು ಅನ್ನುತ್ತದೆ. ಸಂನ್ಯಾಸಿಗಳಿಗೂ ಸಮಾಧಿಯೇ. ವೀರಶೈವ ಲಿಂಗಾಯತರಲ್ಲಂತೂ ಎಲ್ಲರಿಗೂ ಮಣ್ಣೇ. ಇವರಿಗೆಲ್ಲ ಗತಿಯಿಲ್ಲ ಅಂತ ಹೇಳುವ ಧೈರ್ಯ ನಿಮ್ಮ ನೆಂಟರಿಗೆ ಇದೆಯೇ?

ಇನ್ನು "ನಾಗರಿಕತೆ ಇಲ್ಲದ ಕಾಲ" ಎಂಬ ಮಾತು. ಈ ಪದ್ಧತಿ ಹಳೆಯದು ಅನ್ನೋದು ನಿಜ. ಆದರೆ ಆ ಕಾಲದವರು ಹೇಗಿದ್ದರು ಅಂತ ಸ್ವಲ್ಪ ನೋಡಿ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅಲ್ಲಿನ ನವಶಿಲಾಯುಗದ ಜನ ದೊಡ್ಡವರನ್ನು ಗುಂಡಿಯಲ್ಲಿ ನೀಳವಾಗಿ ಮಲಗಿಸಿದ್ದರು, ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ್ದರು. ಮಹಾರಾಷ್ಟ್ರದ ಇನಾಂಗಾವ್‌ನಲ್ಲಿ ಸುಮಾರು 3,000 ವರ್ಷ ಹಿಂದಿನ ಮನೆಗಳ ನೆಲ ಅಗೆದಾಗ ಇನ್ನೂ ಸ್ಪಷ್ಟವಾಗಿ ಕಂಡಿತು: ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಸೇರಿಸಿ ಅಡ್ಡಲಾಗಿ ಇಟ್ಟಿದ್ದಾರೆ, ಒಳಗೆ ಮಗು. ಅದೂ ಎಲ್ಲಿ? ತಾವು ಉಂಡು ಮಲಗುವ ಮನೆಯ ನೆಲದಡಿಯಲ್ಲೇ! ಅವರ ದೇವರು ಯಾರು, ಏನು ಹೇಳಿಕೊಂಡು ಮಣ್ಣು ಮುಚ್ಚಿದರು ಎಂದು ಮಡಕೆ ಹೇಳುವುದಿಲ್ಲ. ಆದರೆ ಮಗುವನ್ನು ಮನೆಯಿಂದ ದೂರ ಕಳಿಸಲು ಮನಸ್ಸು ಬರಲಿಲ್ಲ ಅನ್ನೋದು ನನಗಂತೂ ಕಾಣುತ್ತದೆ. ಇದು ಲೆಕ್ಕಕ್ಕಿಲ್ಲದ ಜೀವ ಎಂದು ಎಣಿಸಿದವರು ಹೀಗೆ ಮಾಡುತ್ತಾರೆಯೇ?

ದೊಡ್ಡವರಿಗೆ ಮುಂದಿನ ಕಾಲದವರು ಮಾಡಿದ್ದನ್ನು ನೋಡಲು ನೀವು ದೂರ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ನಾನೂರರಷ್ಟು ಕಲ್ಲಿನ ಸಮಾಧಿಗಳಿವೆ. ಜನ ಅವನ್ನು ಮೋರೇರ ಮನೆಗಳು ಅನ್ನುತ್ತಾರೆ, ಕುಳ್ಳ ಮನುಷ್ಯರು ವಾಸವಿದ್ದರು ಅಂತ ಕಥೆಯನ್ನೂ ಕಟ್ಟಿದ್ದಾರೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಮುಚ್ಚಿಗೆ, ಒಂದು ಚಪ್ಪಡಿಯಲ್ಲಿ ದುಂಡಗಿನ ಕಿಂಡಿ. ಅಂಥ ಬಂಡೆ ಎಬ್ಬಿಸಿ ನಿಲ್ಲಿಸೋದು ಒಂದು ಮನೆಯವರ ಕೈಲಾಗುವ ಕೆಲಸವಲ್ಲ, ಊರಿಗೆ ಊರೇ ಹೆಗಲು ಕೊಡಬೇಕು. ಬ್ರಹ್ಮಗಿರಿಯ ಇಂಥದ್ದೇ ಕಲ್ಲುಗೂಡುಗಳಲ್ಲಿ ಒಬ್ಬರದಲ್ಲ, ಹಲವರ ಎಲುಬುಗಳು ಸಿಕ್ಕಿದವು. ಜೊತೆಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು. ದೇಹವನ್ನು ಮೊದಲು ಬೇರೆಡೆ ಇಟ್ಟು, ಆಮೇಲೆ ಎಲುಬು ಆಯ್ದು ತಂದು ಇಟ್ಟಿದ್ದಾರೆ. ಅಂದರೆ ಸತ್ತ ದಿನಕ್ಕೇ ಎಲ್ಲ ಮುಗಿಯುತ್ತಿರಲಿಲ್ಲ, ಜನ ಮತ್ತೆ ಸೇರುತ್ತಿದ್ದರು. ನಮ್ಮ ಅಸ್ಥಿಸಂಚಯನ ಅಲ್ಲಿಂದಲೇ ಬಂತು ಅಂತ ನಾನು ಹೇಳಲಾರೆ. ಆದರೆ ಇದನ್ನು ಅನಾಗರಿಕ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಒಂದು ವ್ಯತ್ಯಾಸ ಗಮನಿಸಿ. ಬಂಡೆಯ ಮನೆ ಊರಿನ ಗೌರವ. ಬಲ, ಸಂಪತ್ತು, ಸ್ಥಾನ ಎಲ್ಲ ಅದರಲ್ಲಿ ಸೇರಿರುತ್ತದೆ. ಅದು ಎಲ್ಲರಿಗೂ ಸಿಕ್ಕಿರಲಾರದು. ಮಡಕೆಯ ಕೂಸಿಗೆ ಊರಿನಲ್ಲಿ ಇನ್ನೂ ಯಾವ ಸ್ಥಾನವೂ ಇರಲಿಲ್ಲ, ಅದು ಅಪ್ಪ ಅಮ್ಮನದು ಮಾತ್ರ. ದೊಡ್ಡವರಿಗೆ ಒಂದು ಕ್ರಮ, ಕೂಸಿಗೆ ಬೇರೆ ಕ್ರಮ ಎಂಬ ಭೇದ ಅಷ್ಟು ಹಿಂದೆಯೇ ಈ ನೆಲದಲ್ಲಿತ್ತು. ಸ್ಮೃತಿಗಳಲ್ಲೂ ಆ ಭೇದ ಇದೆ. ಕೂಸಿಗೆ ದಹನವಿಲ್ಲದಿರುವುದು ಕೊರತೆಯಲ್ಲ, ತೀರಿಸಬೇಕಾದ ಕರ್ಮವೇ ಅದಕ್ಕೆ ಇನ್ನೂ ಅಂಟಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಋಗ್ವೇದದ 10ನೇ ಮಂಡಲದ 18ನೇ ಸೂಕ್ತದಲ್ಲೂ ಸತ್ತವರನ್ನು ಭೂಮಿಗೆ ಒಪ್ಪಿಸುವ ಪ್ರಾರ್ಥನೆಯಿದೆ. ಅಲ್ಲಿ ಭೂಮಿಗೆ ತಾಯಿಯ ಹೋಲಿಕೆ. ನಿಮ್ಮ ನೆಂಟರಿಗೆ ಇದನ್ನು ತೋರಿಸಿ.

ಪರಿಹಾರ, ಶಾಂತಿ ಅಂತ ದುಡ್ಡು ಖರ್ಚು ಮಾಡಬೇಡಿ. ಸೂತಕದ ದಿನಗಳನ್ನು ನಿಮ್ಮ ಮನೆತನದ ರೂಢಿಯಂತೆ ಕಳೆದಿದ್ದರೆ ಸಾಕು, ವರ್ಷದ ಶ್ರಾದ್ಧವೂ ಬೇಡ. ಆ ಜಾಗವನ್ನು ಮತ್ತೆ ಅಗೆಯಲು ಯಾರಿಗೂ ಬಿಡಬೇಡಿ. ಉಳುವಾಗ ನೇಗಿಲು ತಾಗದಂತೆ ಸುತ್ತ ನಾಲ್ಕು ಕಲ್ಲು ಇಡಿಸಿ. ಏನಾದರೂ ಮಾಡಲೇಬೇಕು ಅನ್ನಿಸಿದರೆ ಅವಳ ಹೆಸರಲ್ಲಿ ಅಂಗನವಾಡಿಯ ಮಕ್ಕಳಿಗೆ ಒಂದು ದಿನ ಹಾಲು ಕೊಡಿ. ಅದು ವಿಧಿಯಲ್ಲ, ನಿಮ್ಮ ಇಷ್ಟ.