ಅರ್ಧ ಕಟ್ಟಡದ ಲೆಕ್ಕ

ಕಂಪನಿಯನ್ನು ಹಸಿರು ಮಾಡಬೇಕು ಅಂತ ಹೊರಟಿದ್ದೀಯ. ಸಂತೋಷ ಮಗೂ, ಆ ಹಟ ಬಿಡಬೇಡ. ಆದರೆ ನಿನ್ನದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಸ್ವಭಾವ. ಬಾಗಿಲಿಗೆ ನಾಲ್ಕು ಕುಂಡ ಇಟ್ಟು, ಫೋಟೋ ಹಾಕಿ, ಲಾಭ ಎಷ್ಟಾಯಿತು ಅಂತ ಕೇಳುತ್ತೀಯ.

ಹಸಿರು ಕಂಪನಿಗಳೆಲ್ಲ ಚೆನ್ನಾಗಿ ದುಡಿಯುತ್ತಿವೆ ಅಂತ ಯಾರಾದರೂ ಸ್ಲೈಡ್ ತೋರಿಸಿದರೆ ಒಂದು ಗಳಿಗೆ ತಡೆ. ಹಸಿರಾದದ್ದಕ್ಕೆ ದುಡ್ಡು ಬಂತೋ, ದುಡ್ಡಿದ್ದದ್ದಕ್ಕೆ ಹಸಿರಾದರೋ? ಇದನ್ನು ಬಿಡಿಸಿಕೊಳ್ಳದೆ ಹೆಜ್ಜೆ ಇಡಬೇಡ.

ಬಿಡಿಸುವುದು ಹೇಗೆ ಅಂದರೆ, ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್‌ನವರು ಮಾಡಿದ್ದನ್ನು ನೋಡು. ಒಂದೇ ಕಟ್ಟಡವನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಲ್ಲರೂ ಹಾಕುವಂಥ ಎ.ಸಿ., ಅದೂ ಒಳ್ಳೆಯದೇ. ಇನ್ನೊಂದಕ್ಕೆ ಕಾಂಕ್ರೀಟ್ ಸ್ಲ್ಯಾಬಿನೊಳಗೆ ಪೈಪು ಹೂತು ತಣ್ಣೀರು ಹರಿಸಿದರು. ಸೆಕೆಯನ್ನು ಹೊತ್ತೊಯ್ಯುವುದರಲ್ಲಿ ಗಾಳಿಗಿಂತ ನೀರಿನ ಕೈ ಮೇಲು. ದೊಡ್ಡ ದೊಡ್ಡ ಫ್ಯಾನಿನ ಕೆಲಸ ತಗ್ಗುತ್ತದೆ. ಎರಡೂ ಕಡೆ ಬೇರೆ ಬೇರೆ ಅಳೆದರು. ತಣ್ಣೀರಿನ ಪಾಲಿನಲ್ಲಿ ತಂಪು ಮಾಡುವ ಕರೆಂಟು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿದಿತ್ತು. ಕಟ್ಟುವ ಖರ್ಚೂ ಏರಲಿಲ್ಲ! ಅದೇ ಊರು, ಅದೇ ಬಿಸಿಲು, ಅದೇ ಕೆಲಸದ ಜನ. ಇನ್ನು ವಾದಕ್ಕೆ ಜಾಗವೆಲ್ಲಿ?

2008ರಿಂದ ಕರೆಂಟು ಇಳಿಸುವ ಕೆಲಸಕ್ಕೆ ಕೂತ ಆ ಕಂಪನಿ ಕಾರ್ಬನ್ ನ್ಯೂಟ್ರಲ್ ಅನ್ನಿಸಿಕೊಂಡದ್ದು 2020ರಲ್ಲಿ. ನೀನೋ ಮೂರು ತಿಂಗಳಿಗೇ ಮುಖ ಸಪ್ಪಗೆ ಮಾಡುತ್ತೀಯ.

ಬಾಡಿಗೆ ಕಟ್ಟಡದಲ್ಲಿ ಇದ್ದರೆ ಇನ್ನೊಂದು ತೊಡಕಿದೆ. ಕಟ್ಟುವವನು ಮಾಲೀಕ, ಬಿಲ್ಲು ಕಟ್ಟುವವನು ನೀನು. ಒಳ್ಳೆಯ ಗಾಜು, ಕಿಟಕಿಗೆ ನೆರಳು ಅಂತ ಖರ್ಚು ಮಾಡಲು ಅವನಿಗೇನು ದರ್ದು? ಕರಾರು ಬರೆಯುವಾಗಲೇ ಬಾಯಿ ಬಿಟ್ಟು ಕೇಳು. ಇಲ್ಲವಾದರೆ ಒಳಗೆ ಬಂದ ಸೆಕೆಯನ್ನು ಹೊರಗೆ ಹಾಕಲು ತಿಂಗಳು ತಿಂಗಳೂ ನಿನ್ನ ಜೇಬಿನಿಂದಲೇ ಹೋಗುತ್ತದೆ.

ಸಲಹೆಗಾರನನ್ನು ಕರೆಸುವ ಮೊದಲು ಆಫೀಸಿನ ಎಲೆಕ್ಟ್ರಿಷಿಯನ್ ಜೊತೆ ಕೂತು ಚಹಾ ಕುಡಿ. ಯಾವ ಯಂತ್ರ ರಾತ್ರಿಯೆಲ್ಲ ಸುಮ್ಮನೆ ಓಡುತ್ತದೆ, ಯಾವ ಹಾಲ್‌ನಲ್ಲಿ ಜನ ಚಳಿಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ, ಎಲ್ಲ ಆತನಿಗೆ ಗೊತ್ತು. ಕೇಳಿದವರಿಲ್ಲ ಅಷ್ಟೆ. ನಿನ್ನ ಜಾಣತನದ ಮೇಲೆ ನನಗೆ ನಂಬಿಕೆಯಿದೆ. ಕೇಳುವ ತಾಳ್ಮೆಯನ್ನೂ ಬೆಳೆಸಿಕೋ.

ಈ ತಿಂಗಳೇ ಒಂದು ಮಹಡಿಯನ್ನು ಹೊಸ ರೀತಿಗೆ ತಿರುಗಿಸು, ಪಕ್ಕದ್ದನ್ನು ಇದ್ದ ಹಾಗೆ ಬಿಡು. ಎರಡಕ್ಕೂ ಮೀಟರು ಕೂರಿಸು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಆಮೇಲೆ ಎರಡೂ ಲೆಕ್ಕ ತೆಗೆದುಕೊಂಡು ಬಾ, ಕೂತು ನೋಡೋಣ.