ಬಳಪದ ಕಲ್ಲಿನ ಬೆಡಗು

ಬೇಲೂರಿನ ದರ್ಪಣಸುಂದರಿ ಶಿಲ್ಪದ ಬೆರಳು, ಬಳೆ, ಸರಗಳು ಅಷ್ಟು ನಯವಾಗಿ ಮೂಡಲು ಶಿಲ್ಪಿಯ ಕೈಚಳಕದ ಜೊತೆಗೆ ಕಲ್ಲೂ ಕಾರಣ. ಹೊಯ್ಸಳರು ಆರಿಸಿಕೊಂಡದ್ದು ಬಳಪದ ಕಲ್ಲು. ಅಗೆದು ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ ಈ ಗುಣ ಎದ್ದು ಕಾಣುತ್ತದೆ. ಕೆಲವು ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರೂ ಇದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನಮ್ಮ ಶಿಲ್ಪಪರಂಪರೆಯಲ್ಲಿ ಇದು ನಿಜಕ್ಕೂ ಅಪರೂಪದ ಭಾಗ್ಯ.

ಬಳಪದ ಕಲ್ಲಿಗೆ ವ್ಯತಿರಿಕ್ತವಾಗಿ, ಶ್ರವಣಬೆಳಗೊಳದ ಗೊಮ್ಮಟನದು ಗ್ರಾನೈಟ್.

ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಈ ಏಕಶಿಲಾ ಮೂರ್ತಿಯ ಎತ್ತರ ಸುಮಾರು 58 ಅಡಿ. ಗಡಸು ಕಲ್ಲು ಕುಸುರಿಗೆ ಸುಲಭವಾಗಿ ಒಗ್ಗದು. ಇಲ್ಲಿ ಸೊಬಗಿರುವುದು ಅಗಲ ಭುಜ, ನುಣುಪು ಮೈ, ಶಾಂತ ಮುಗುಳ್ನಗೆಯಲ್ಲಿ.

ಇತ್ತ ಬಳಪದ ಕಲ್ಲಿನಲ್ಲಿ ಅರಳಿದ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.