ಹಳೆಯ ಓಲೆಗಟ್ಟು, ಹೊಸ ಒಡೆಯ

ಮನೆಯ ಹಿರಿಯರು ಬಳಸಿದ ವಸ್ತುವಿನಲ್ಲಿ ಮಮತೆ ನೆಲೆಸುವುದು ಮಾನವಸಹಜ ಗುಣ. ಅಜ್ಜನ ಊರುಗೋಲು, ಅಜ್ಜಿಯ ಬೀಸುವ ಕಲ್ಲು ಮೊದಲಾದುವು ಅವರ ಬಾಳಿನ ನೆನಪನ್ನು ಹೊತ್ತು ನಿಂತಿರುತ್ತವೆ. ಇಂತಹ ವಸ್ತುಗಳಲ್ಲಿ ತಾಡವೋಲೆಯ ಕಟ್ಟಿಗೆ ವಿಶೇಷ ಸ್ಥಾನವುಂಟು. ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಅದು ದೇವರ ಜಗಲಿಯ ಮೇಲೆ ಕುಳಿತು, ಹಬ್ಬದ ದಿನ ಗಂಧಪುಷ್ಪಗಳನ್ನು ಪಡೆಯುತ್ತಿತ್ತು. ಆದರೆ ಬಿಚ್ಚಿ ಓದುವವರು ತಲೆಮಾರು ಕಳೆದಂತೆ ವಿರಳರಾದರು.

ಪೂಜೆಯೊಂದರಿಂದಲೇ ಓಲೆ ಬಾಳದು. ಲೋಹದ ಮೊನೆಯಿಂದ ಕೊರೆದ ಅಕ್ಷರಗಳು ಮಾಸಿದಾಗ ಮಸಿ ತೀಡಬೇಕು. ಗರಿಗಳು ಒಣಗಿ ಮುರಿಯದಂತೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಬೇಕು. ಹುಳು ಹತ್ತದಂತೆ ಗಾಳಿಯಾಡಿಸಬೇಕು. ಈ ಆರೈಕೆ ತಪ್ಪಿದರೆ ಗರಿ ಪುಡಿಯಾಗುತ್ತದೆ. ಶಿಥಿಲವಾದ ಕಟ್ಟುಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟವರೂ ಉಂಟು. ಹೀಗೆ ಮಮತೆಯ ಮಡಿಲಿನಲ್ಲಿಯೇ ಗ್ರಂಥಗಳು ಅಳಿದವು.

ಬೇರೊಂದು ದಾರಿಯನ್ನು ಹಿಡಿದವರ ನಿದರ್ಶನವೂ ಇದೆ. 1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಭಂಡಾರ ಸ್ಥಾಪಿತವಾಯಿತು. 1905ರಲ್ಲಿ ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಮ್ಮ ಬಳಿಯಿದ್ದ ಓಲೆಗ್ರಂಥವೊಂದನ್ನು ಅಲ್ಲಿಗೆ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಒಬ್ಬರ ಸೊತ್ತು ಜಗತ್ತಿನ ಸೊತ್ತಾಯಿತು.

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ಊರೂರು ತಿರುಗಿ, ಮನೆಮಠಗಳಲ್ಲಿದ್ದ ವಚನದ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. ಕಟ್ಟುಗಳನ್ನು ಕೊಟ್ಟವರ ಕೈ ಬರಿದಾಗಲಿಲ್ಲ. ಜಗಲಿಯ ಮೇಲೆ ಮೌನವಾಗಿದ್ದ ನುಡಿ ಅಚ್ಚಿನ ಹೊತ್ತಗೆಯಾಗಿ ಮನೆಮನೆಗೆ ಮರಳಿತು.

ಕೊಡುವುದಕ್ಕೂ ಒಂದು ಕ್ರಮವುಂಟು. ಮೊದಲನೆಯದಾಗಿ, ಪಡೆಯುವವರಲ್ಲಿ ಓದುವ ಅರ್ಹತೆಯೂ ಕಾಪಾಡುವ ಅನುಕೂಲವೂ ಇರಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಂತಹ ಸಂಸ್ಥೆಗಳು ಈ ಕಾರ್ಯಕ್ಕೆ ತಕ್ಕವು. ಎರಡನೆಯದಾಗಿ, ಕಟ್ಟನ್ನು ಬಿಡಿಬಿಡಿಯಾಗಿ ಹಂಚಬಾರದು. ಗರಿ ಚದುರಿದರೆ ಗ್ರಂಥ ಕೆಡುತ್ತದೆ. ಮೂರನೆಯದಾಗಿ, ಅದು ಯಾವ ಊರಿನದು, ಯಾರ ಮನೆತನದ್ದು ಎಂಬುದನ್ನು ಬರೆದು ಜೊತೆಗಿಡಬೇಕು. ಗರಿಗರಿಯ ಛಾಯಾಚಿತ್ರ ತೆಗೆಸಿ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳುವ ಸೌಕರ್ಯವೂ ಇಂದು ಒದಗಿದೆ.

ಮಮತೆಯನ್ನು ತೊರೆಯಬೇಕೆಂದು ಇದರ ಅರ್ಥವಲ್ಲ. ಮಗಳನ್ನು ಒಳ್ಳೆಯ ಮನೆಗೆ ಕಳುಹಿಸುವ ತಾಯಿಗೆ ಮಮತೆ ಕಡಿಮೆಯೆಂದು ಯಾರೂ ಹೇಳರು. ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದಲ್ಲಿ ಇಂತಹ ಕಟ್ಟೊಂದನ್ನು ಕಂಡರೆ, ಅದನ್ನು ಹಿರಿಯರ ಗಮನಕ್ಕೆ ತಂದು, ಯೋಗ್ಯರ ಕೈ ಸೇರುವಂತೆ ಮಾಡುವುದು ಪೂರ್ವಿಕರಿಗೆ ಸಲ್ಲಿಸುವ ನಿಜವಾದ ಗೌರವ.